ಬರ್ತೀನಿ ಅಂದಳು

ಜೂನ್ 3, ಮಂಗಳವಾರ

ಮತ್ತೆ ಸೌತೆಕಾಯಿ ನೀರು ಬಿಟ್ಟಿತು. ಸ್ಯಾಂಡ್‌ವಿಚ್ಚಿನ ಎರಡನೆಯ ಪ್ರಯೋಗವೂ ಹಾಳು. ಜೋಡಿಸಿ ಅರ್ಧ ಗಂಟೆಯಾಗಿಲ್ಲ, ತಟ್ಟೆಯಲ್ಲಿ ಕೆರೆ. ಬ್ರೆಡ್ಡೆಲ್ಲ ನೆನೆದು ಮೆತ್ತಗೆ. ಇವರು ಮಾತ್ರ ನಿಂತಲ್ಲೇ ಮೂರು ತುಂಡು ತಿಂದು ಚೆನ್ನಾಗೇ ಇದೆಯಲ್ಲ ಅಂದರು. ಹಸಿವಾದರೆ ಈ ಮನುಷ್ಯನಿಗೆ ತಟ್ಟೆಯೂ ಚೆನ್ನಾಗಿರುತ್ತದೆ.

ಹದಿನಾಲ್ಕಕ್ಕೆ ಅಮ್ಮನಿಗೆ ಎಪ್ಪತ್ತೈದು. ಶನಿವಾರ ಸಂಜೆ, ಮನೆಯಲ್ಲೇ, ಇಪ್ಪತ್ತು ಜನ. ಕೇಟರಿಂಗಿನವನು ರೇಟು ಹೇಳಿದ್ದೇ ತಡ, ಫೋನ್ ಇಟ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು. ಕನ್ನಡಕದಂಗಡಿಯ ಕೌಂಟರಿನಲ್ಲಿ ಕೂರುವವಳ ಹಾಸಿಗೆ ಎಷ್ಟುದ್ದ ಇದ್ದೀತು? ಹಾಗಾಗಿ ನಾಲ್ಕು ದೊಡ್ಡ ತಟ್ಟೆ, ನಾನೇ. ತರಕಾರಿ ಒಂದು, ಹಣ್ಣು ಒಂದು, ಸ್ಯಾಂಡ್‌ವಿಚ್ ಒಂದು, ಚೀಸು-ಬಿಸ್ಕತ್ತು-ಮೊಟ್ಟೆ ಸೇರಿ ಒಂದು.

ಅಮ್ಮ ಒಂದೇ ಮಾತು ಕೇಳಿದಳು — ಪುಟ್ಟಿಯನ್ನು ಕರೆಯುತ್ತೀಯಾ?

ಪುಟ್ಟಿ ಅಂದರೆ ತಂಗಿ. ನಲವತ್ತೊಂದು ವರ್ಷದ ಪುಟ್ಟಿ. ಅವಳು ಈ ಮನೆಯ ಮೆಟ್ಟಿಲು ಹತ್ತದೆ ನಾಲ್ಕು ವರ್ಷವಾಯಿತು.

ಜೂನ್ 5, ಗುರುವಾರ

ಪುಟ್ಟಿ ಸಿಕ್ಕಳು. ಅಂಗಡಿ ಮುಚ್ಚಿ ಬರುವಾಗ, ಬಸ್ ಸ್ಟಾಪಿನಲ್ಲಿ. ಬೆರಳಿಗೆ ನೀಲಿ ಬ್ಯಾಂಡೇಜು. ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಅವಳಿಗೆ. ಪಾರ್ಟಿಗಳಿಗೆ ಇಂಥದೇ ತಟ್ಟೆ ಜೋಡಿಸುವುದು. ಹೌದು, ನಗಬೇಕಾದ ವಿಷಯವೇ. ಮನೆಯಲ್ಲಿ ಅಂಥ ಕೈ ಇದ್ದೂ ನಾನು ಸೌತೆಕಾಯಿಯ ಜೊತೆ ಗುದ್ದಾಡುತ್ತಿದ್ದೇನೆ.

ಅಮ್ಮನ ಹುಟ್ಟುಹಬ್ಬ ಅಂದೆ. ಶನಿವಾರ ಸಂಜೆ ಆರಕ್ಕೆ ಅಂದೆ. ಹೇಗೋ ಕರೆದೆ. ಅಷ್ಟರಲ್ಲಿ ಅವಳ ಬಸ್ಸು ಬಂತು. "ಬರ್ತೀನಿ ಅಕ್ಕ" ಅಂದಳು. ಹತ್ತಿದಳು.

ಅಮ್ಮನಿಗೆ ಹೇಳಿದೆ, ಬರ್ತೀನಿ ಅಂದಳು ಅಂತ. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಅಮ್ಮನಿಗೆ ಪರಿವೆ ಇಲ್ಲ.

ಜೂನ್ 6, ಬೆಳಗ್ಗೆ 6:10

ಯಾವ ಬರ್ತೀನಿ?

ಶನಿವಾರ ಬರ್ತೀನಿ ಅಂತಲೋ, ಹೋಗಿ ಬರ್ತೀನಿ ಅಂತಲೋ? ಹೊರಡುವವರೆಲ್ಲ ಅನ್ನುವುದು ಬರ್ತೀನಿ ಅಂತಲೇ. ಹೋಗ್ತೀನಿ ಅನ್ನಬಾರದು ಎಂದು ಚಿಕ್ಕಂದಿನಲ್ಲಿ ತಲೆಗೆ ಮೊಟಕಿ ಕಲಿಸಿದವಳು ಅಮ್ಮನೇ. ಈಗ ಅನುಭವಿಸಿ ಎಲ್ಲರೂ.

ಸಂಜೆ — ಅಂಗಡಿಗೆ ಒಬ್ಬರು ಬಂದು ಮೂವತ್ತು ಫ್ರೇಮು ಹಾಕಿ ತೆಗೆದರು. ಒಂದೂ ಕೊಳ್ಳಲಿಲ್ಲ. "ಬರ್ತೀನಮ್ಮ" ಅಂದು ಹೋದರು. ಈ ಜನ್ಮದಲ್ಲಿ ಬರುವುದಿಲ್ಲ.

ಜೂನ್ 8, ಭಾನುವಾರ

ಸಗಟು ಮಾರ್ಕೆಟ್ಟಿಗೆ ಇವರನ್ನೂ ಎಳೆದುಕೊಂಡು ಹೋದೆ. ಕತ್ತರಿಸಿದ ಚೀಸಿನ ಬೆಲೆ ಮುಟ್ಟುವ ಹಾಗಿಲ್ಲ, ಇಡೀ ಗಟ್ಟಿ ತಂದೆ. ತ್ರಿಕೋನ ಮಾಡಿದರೆ ಜಾಸ್ತಿ ಕಾಣುತ್ತದೆ. ಬಿಡಿ ದ್ರಾಕ್ಷಿ ಅಗ್ಗ, ಗೊಂಚಲು ಚೆಂದ. ಮೇಲಕ್ಕೆ ಗೊಂಚಲು, ಅಡಿಗೆ ಬಿಡಿ. ಯಾರು ಅಗೆದು ನೋಡುತ್ತಾರೆ?

ಅಮ್ಮ ಕೂತಲ್ಲಿಂದಲೇ ಮೇಸ್ಟ್ರಿಕೆ. ಮೊದಲು ಬಟ್ಟಲು ಇಡಬೇಕಂತೆ, ಆಮೇಲೆ ದೊಡ್ಡದು, ಕೊನೆಗೆ ಸಂದಿ ತುಂಬುವ ಸಣ್ಣದು. ತೆಳ್ಳಗೆ ಕಂಡರೆ ಅಡಿಗೆ ಕೋಸಿನ ಎಲೆ ಹಾಸಿ ಎತ್ತರಿಸಬೇಕಂತೆ. ಇವೆಲ್ಲ ಯಾರ ಪಾಠ ಅಂತ ನನಗೆ ಗೊತ್ತಿಲ್ಲವೇ? ಕೇಳಲಿಲ್ಲ. ಸುಮ್ಮನೆ ಕೋಸು ತಂದೆ.

ತಿನ್ನುವ ತಟ್ಟೆ ಎಷ್ಟು ಎಣಿಸಲಿ ಅಂದರು ಇವರು. ನಾನು ಇಪ್ಪತ್ತು ಅನ್ನುವುದರೊಳಗೆ ಅಮ್ಮ ಇಪ್ಪತ್ತೊಂದು ಅಂದಳು.

ಜೂನ್ 11, ಬುಧವಾರ

ಬರೆದೇಬಿಡುತ್ತೇನೆ. ಯಾರು ಓದುತ್ತಾರೆ.

ನಾಲ್ಕು ವರ್ಷದ ಹಿಂದೆ, ನಾವು ಈ ಮನೆಗೆ ಬಂದಾಗ, ಎಲ್ಲರನ್ನೂ ಊಟಕ್ಕೆ ಕರೆದಿದ್ದೆ. ಮೂರು ದಿನ ಬೇಯಿಸಿದ್ದೆ. ಪುಟ್ಟಿ ಒಂದು ತಟ್ಟೆ ಹೊತ್ತು ಬಂದಳು. ಕಲ್ಲಂಗಡಿಯಲ್ಲಿ ಹಕ್ಕಿ, ಮೂಲಂಗಿಯಲ್ಲಿ ಹೂವು. ಜನ ಅದರ ಸುತ್ತಲೇ. ನನ್ನ ಪಾತ್ರೆಗಳ ಮುಚ್ಚಳ ಕೂಡ ಯಾರೂ ಎತ್ತಲಿಲ್ಲ. ಏನು ಮಹಾ, ಹೋಟೆಲಲ್ಲಿ ಉಳಿದಿದ್ದು ತಾನೇ — ಅಂದುಬಿಟ್ಟೆ, ಎಲ್ಲರ ಎದುರಿಗೆ. ಎಲ್ಲರೂ ನಕ್ಕರು. ಪುಟ್ಟಿ ಕೈ ತೊಳೆದು, ಚಪ್ಪಲಿ ಹಾಕಿಕೊಂಡು ಹೊರಟುಹೋದಳು.

ರಜೆ ಹಾಕಿ, ಸ್ವಂತ ಖರ್ಚಿನಲ್ಲಿ, ಬೆಳಗ್ಗೆಯಿಂದ ಕೂತು ಕೆತ್ತಿದ್ದಳಂತೆ. ಆಮೇಲೆ ಗೊತ್ತಾಯಿತು. ತಮಾಷೆಗೆ ಅಂದೆ ಅಂತ ಕೇಳಿದವರಿಗೆಲ್ಲ ಹೇಳಿಕೊಂಡು ಬಂದೆ. ತಮಾಷೆಯಾಗಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಜೂನ್ 13, ಶುಕ್ರವಾರ

ಮೊಟ್ಟೆ ಬೇಯಿಸಿ ಆಯಿತು. ಕ್ಯಾರೆಟ್ ಕಡ್ಡಿ ತಣ್ಣೀರಿನಲ್ಲಿ. ಬಾಡಿಗೆಗೆ ದೊಡ್ಡ ತಟ್ಟೆ ಕೊಡುತ್ತೇನೆ ಅಂದಿದ್ದವನು ಫೋನೆತ್ತುತ್ತಿಲ್ಲ. ಮೇಲಿನ ಮನೆಯವರಿಂದ ಎರಡು, ಓವನ್ನಿನ ಟ್ರೇ ಒಂದು, ಪುಟ್ಟಿ ಅವತ್ತು ಬಿಟ್ಟುಹೋದದ್ದು ಒಂದು.

ಕೂತರೆ ಏಳಬೇಕು, ಎದ್ದರೆ ಕೂರಬೇಕು. ಇವರು ರೇಗಿದರು — ಫೋನ್ ಮಾಡಿ ಬರ್ತೀಯಾ ಅಂತ ಕೇಳಬಾರದಾ, ಅದೇನು ಬ್ರಹ್ಮವಿದ್ಯೆಯಾ? ಕೇಳಿದರೆ ಇಲ್ಲ ಅಂದಾಳು. ಕೇಳದಿದ್ದರೆ ಇನ್ನೂ ಅರ್ಧ ಬರ್ತೀನಿ ಉಳಿದಿರುತ್ತದೆ. ಇದು ಇವರಿಗೆ ಅರ್ಥವಾಗುವುದಿಲ್ಲ.

ಜೂನ್ 14, 4:20

ಜೋಡಿಸಿದೆ. ಬಟ್ಟಲು ಮೊದಲು. ಸೇಬಿಗೆ ನಿಂಬೆರಸ ಮರೆತೆ, ಆಗಲೇ ಕಂದು. ತುದಿ ಕತ್ತರಿಸಿ ತಿರುಗಿಸಿಟ್ಟೆ. ಅಮ್ಮ ಬಾಗಿಲ ಎದುರಿನ ಕುರ್ಚಿ ಹಿಡಿದು ಕೂತಿದ್ದಾಳೆ.

6:35 — ಹನ್ನೆರಡು ಜನ ಬಂದಿದ್ದಾರೆ.

7:10 — ಇಪ್ಪತ್ತೂ ಆಯಿತು.

ಜೂನ್ 15, ಭಾನುವಾರ

ಬರಲಿಲ್ಲ.

ಚೀಸಿನ ತಟ್ಟೆ ಹತ್ತು ನಿಮಿಷದಲ್ಲಿ ಖಾಲಿ. ಹಣ್ಣೂ. ಸ್ಯಾಂಡ್‌ವಿಚ್ ಒದ್ದೆಯಾಗಿ ಹಾಗೇ ಉಳಿಯಿತು. ಎಲ್ಲರೂ ಹೊಗಳಿದರು. ಹೊಗಳಿಕೆ ಒಂದೂ ಮೈಗೆ ಹತ್ತಲಿಲ್ಲ. ಅಮ್ಮ ಕೇಕು ಕತ್ತರಿಸಿದಳು, ನಕ್ಕಳು, ಏನೂ ತಿನ್ನಲಿಲ್ಲ. ಹಲ್ಲುನೋವು ಅಂದಳು. ಇರುವುದು ಕಟ್ಟಿಸಿದ ಹಲ್ಲು.

ಇವತ್ತು ಬೆಳಗ್ಗೆ ತಟ್ಟೆ ತೊಳೆಯುತ್ತಿದ್ದೆ. ಅಮ್ಮ ಹಿಂದೆ ಬಂದು ನಿಂತಳು.

"ಅವಳನ್ನ ಏನಂತ ಕರೆದೆ?"

ಅಮ್ಮನ ಹತ್ತಿರ ಸುಳ್ಳು ನಿಲ್ಲುವುದಿಲ್ಲ. ಇದ್ದದ್ದು ಹೇಳಿದೆ. ತಟ್ಟೆ ಜೋಡಿಸೋಕೆ ಒಂದು ಕೈ ಬೇಕಾಗಿದೆ, ಬಾ — ಹಾಗೆ ಅಂದಿದ್ದೆ. ಬರೀ ಬಾ ಅನ್ನಲು ನಾಲಿಗೆ ಏಳಲಿಲ್ಲ.

"ಮಗಳನ್ನ ಕರಿ ಅಂತ ನಿನ್ನ ಕೇಳಿದ್ದೆ. ನೀನು ಕೆಲಸದವಳನ್ನ ಕರೆದು ಬಂದಿದೀಯ."

ಅಷ್ಟು ಅಂದು ರೂಮಿಗೆ ಹೋದಳು. ನಲ್ಲಿ ಬಿಟ್ಟುಕೊಂಡು ಅತ್ತೆ. ನಾಚಿಕೆಯಾಯಿತು, ಸಾಯುವಷ್ಟು.

ಜೂನ್ 16, ಸೋಮವಾರ

ಅಂಗಡಿಗೆ ತಡವಾಗಿ ಬರುತ್ತೇನೆ ಎಂದು ಹೇಳಿ ಹೋಟೆಲಿನ ಹಿಂಬಾಗಿಲಿಗೆ ಹೋದೆ. ಹಾಲಿನ ಕ್ರೇಟುಗಳ ಪಕ್ಕ ಇಪ್ಪತ್ತು ನಿಮಿಷ ನಿಂತೆ. ಪುಟ್ಟಿ ಬಂದಳು. ಬಿಳಿ ಕೋಟು, ತಲೆಗೆ ಬಲೆ. ಪಾತ್ರೆ ತೊಳೆಯುವವರಿಬ್ಬರು ಅಲ್ಲೇ ಬೀಡಿ ಸೇದುತ್ತಿದ್ದರು. ಅವರ ಎದುರಿಗೇ ಹೇಳಿದೆ. ಅವತ್ತೂ ನಾಲ್ಕು ಜನರ ಎದುರಿಗೇ ತಾನೇ ಅಂದದ್ದು.

"ಹೋಟೆಲಲ್ಲಿ ಉಳಿದಿದ್ದು ಅಂದೆನಲ್ಲ, ಹೊಟ್ಟೆಕಿಚ್ಚಿಗೆ ಅಂದೆ ಕಣೇ. ತಪ್ಪಾಯ್ತು."

ಕೋಟಿನ ಗುಂಡಿ ತಿರುಗಿಸುತ್ತಾ ನಿಂತಳು. ಆಮೇಲೆ ಕೇಳಿದ್ದು, ಬ್ರೆಡ್ ಒದ್ದೆಯಾಯಿತಾ ಅಂತ. ಆಯಿತು ಅಂದೆ. ಬೆಣ್ಣೆ ಅಂಚಿನವರೆಗೂ ಹಚ್ಚಬೇಕು, ಸೌತೆಕಾಯಿಗೆ ಉಪ್ಪು ಹಾಕಿ ಹಿಂಡಬೇಕು, ಅಷ್ಟೂ ಗೊತ್ತಿಲ್ಲವಾ ಎಂದು ಚೆನ್ನಾಗಿ ಬೈದಳು. ಶನಿವಾರ ಅವಳಿಗೆ ಎಂದೂ ರಜೆ ಇರುವುದಿಲ್ಲವಂತೆ. ಅದನ್ನೂ ನಾನು ಕೇಳಿರಲಿಲ್ಲ.

"ಅಮ್ಮ ಏನಾದ್ರೂ ತಿಂದ್ಳಾ?"

ಇಲ್ಲ ಅಂದೆ. ಮುಖ ಆ ಕಡೆ ತಿರುಗಿಸಿದಳು.

ಬುಧವಾರ ರಜೆಯಂತೆ. ಬಾ, ಕೈಗೆ ಕೆಲಸ ಕೊಡುವುದಿಲ್ಲ, ಸುಮ್ಮನೆ ಬಾ ಅಂದೆ. ಒಳಗಿನಿಂದ ಯಾರೋ ಕೂಗಿದರು. ಏನೂ ಹೇಳದೆ ಹೋದಳು.

ಅಮ್ಮನಿಗೆ ಏನು ಹೇಳಲಿ? ಬುಧವಾರ ರಜೆ ಅಂತೆ — ಅಷ್ಟೇ ಹೇಳಿದೆ.

ಜೂನ್ 18, ಬುಧವಾರ, 11:15

ಅಮ್ಮ ಎರಡು ಸಲ ಬಟ್ಟೆ ಬದಲಿಸಿದಳು. ಬಾಗಿಲು ಬೆಳಗ್ಗೆಯಿಂದ ತೆರೆದೇ ಇದೆ. ನೊಣ ಬರುತ್ತವೆ ಎಂದು ಗೊಣಗಿ ಇವರು ಕೆಲಸಕ್ಕೆ ಹೋದರು. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೇನೆ, ನಡುವೆ ಇದನ್ನು ಬರೆಯುತ್ತಿದ್ದೇನೆ, ಪುಟವೆಲ್ಲ ಜಿಡ್ಡು. ಒಂದೇ ತಟ್ಟೆ, ಮೂರು ಜನಕ್ಕೆ. ಹೆಚ್ಚಾದರೆ ನಾನೇ ತಿಂದರಾಯಿತು. ಬಸ್ಸು ಹನ್ನೊಂದಕ್ಕೇ ಬರಬೇಕಿತ್ತು. ಬಸ್ಸಿನದ್ದೇನು, ಅದೂ...

ಹೊರಗೆ ಅಮ್ಮ ಬೈಯುತ್ತಿದ್ದಾಳೆ. ಇಷ್ಟು ಸಣ್ಣಗಾಗಿದೀಯಲ್ಲೇ, ಹೊಟ್ಟೆಗೆ ಏನೂ ಹಾಕ್ಕೊಳ್ಳಲ್ವೇನೇ ಅಂತ. ನನ್ನನ್ನಂತೂ ಅಲ್ಲ, ನನ್ನನ್ನು ಹಾಗೆ ಬೈದು ಇಪ್ಪತ್ತು ವರ್ಷವಾಯಿತು. ಕೈಯೆಲ್ಲ ಬೆಣ್ಣೆ, ಒರೆಸಿಕೊಂಡು