ದೊಡ್ಡ ಅಕ್ಷರ

ಹಳೇಬೀಡು
ಮಂಗಳವಾರ

ಮಗಳೇ ಮೇಧಿನಿ,

ನನಗೆ ಹೊಸ ಸ್ಮಾರ್ಟ್‌ಫೋನ್ ಕಳಿಸಬೇಡ. ಹಳೆಯದು ಕೆಟ್ಟಿಲ್ಲ, ಕೆಟ್ಟಿರುವುದು ನನ್ನ ಕಣ್ಣು. ಫೋನಿನ ಅಕ್ಷರ ಕಾಣದೆ, ನೀನು ಬಿಟ್ಟುಹೋದ ಲ್ಯಾಪ್‌ಟಾಪ್‌ನಲ್ಲೇ ಎಲ್ಲ ನಡೆಸುತ್ತಿದ್ದೇನೆ. ಅಕ್ಷರ ದೊಡ್ಡದು ಮಾಡುತ್ತಾ ಮಾಡುತ್ತಾ, ಈಗ ಪರದೆಯಲ್ಲಿ ಒಂದೆರಡು ಪದಗಳಷ್ಟೇ ಹಿಡಿಸುತ್ತವೆ.

ಮೊನ್ನೆ ಬೇಲೂರು ಬಸ್ಸೆಂದು ಜಾವಗಲ್ ಬಸ್ ಹತ್ತಿದ್ದೆ. “ಬೋರ್ಡ್ ನೋಡಿ ಹತ್ಬಾರ್ದಾ ಮೇಷ್ಟ್ರೇ?” ಎಂದು ಕಂಡಕ್ಟರ್ ಇಳಿಸಿದ.

ಕಣ್ಣಿನ ನರ ಒಣಗಿದೆ, ಆಪರೇಷನ್‌ನಿಂದಲೂ ಪ್ರಯೋಜನವಿಲ್ಲ ಎಂದು ಹಾಸನದ ಡಾಕ್ಟರು ಹೇಳಿದರು. ನಿನ್ನ ಅಮ್ಮನ ಹತ್ತಿರ ಬರೀ ಪೊರೆ ಬಂದಿದೆ ಎಂದಿದ್ದೇನೆ. ನೀನೂ ಹಾಗೇ ಹೇಳು. ಗೊತ್ತಾದರೆ ನಿನ್ನ ಬಾಣಂತನ ಬಿಟ್ಟು ಇಲ್ಲಿಗೆ ಓಡಿಬರುತ್ತಾಳೆ.

ಕಳೆದ ವಾರ ವಿಡಿಯೋ ಕಾಲ್‌ನಲ್ಲಿ ಕೂಸನ್ನು ತೋರಿಸಿ, “ಯಾರ ಥರ ಇದಾನೆ ಹೇಳಪ್ಪ” ಎಂದೆಯಲ್ಲ, ನಿನ್ನ ಥರ ಎಂದೆ ನಾನು. ನನಗೆ ಕಂಡದ್ದು ಬಿಳಿ ಬಟ್ಟೆ ಮಾತ್ರ.

ಭಾನುವಾರ ಅಮ್ಮ ಸ್ನಾನಕ್ಕೆ ಹೋದಾಗ ಕರೆ ಮಾಡು. ಕಿಟಕಿಯ ಬೆಳಕಿಗೆ ಮುಖಮಾಡಿ ಕೂತು, ಮಗುವನ್ನು ಕ್ಯಾಮೆರಾಕ್ಕೆ ತೀರಾ ಹತ್ತಿರ ಹಿಡಿ. ಸ್ವಲ್ಪ ಹೊತ್ತು ಅಲುಗಾಡಬೇಡ. ಅಳು ಬರುವಂತಿದ್ದರೆ ಮೊದಲೇ ಅತ್ತು ಮುಗಿಸು. ನಿನ್ನ ಮುಖವನ್ನೂ ನೋಡಿಕೊಳ್ಳಬೇಕು.

ನಿನ್ನ ಅಪ್ಪ,
ಮುರಳೀಕೃಷ್ಣ