ಕಿಟಕಿಯಲ್ಲಿ ಏನೂ ಇಲ್ಲ

ಡಲ್ಸಿ,

ನೀನು ಏಳುವ ಮೊದಲೇ ಡಬ್ಬೊ ಪೇಟೆಯ ಬಸ್ಸು ಹಿಡಿಯಲು ಹೊರಟಿದ್ದೇನೆ. ಕಣ್ಣಿನ ಡಾಕ್ಟರು ಹೊಸದೇನೂ ಹೇಳುವುದಿಲ್ಲ, ಗೊತ್ತು. ಈ ಚೀಟಿಯ ಸಾಲು ಸೊಟ್ಟಗಿದ್ದರೆ ಸುಧಾರಿಸಿಕೋ.

ಸಂಜೆ ನಮ್ಮ ನಕ್ಷತ್ರ ವೀಕ್ಷಕರ ಸಂಘದ ವರ್ನನ್ ಟೆಲಿಸ್ಕೋಪ್ ಒಯ್ಯಲು ಬರುತ್ತಾನೆ. ಅದರ ಕನ್ನಡಿಯನ್ನು ಒರೆಸಿ ಕೊಡುವ ಉಪಕಾರ ಮಾತ್ರ ಮಾಡಬೇಡ, ಗೀರು ಬೀಳುತ್ತದೆ. ಅವನು ಹೋಗುವವರೆಗೆ ನಾನು ಮನೆ ಸೇರುವುದಿಲ್ಲ.

ಕೋಳಿಗಳಿಗೆ ಕಾಳು ಹಾಕಿದ್ದೇನೆ. ಕುರಿಮಾಂಸ ಫ್ರಿಜ್ಜಿನಲ್ಲಿದೆ, ನನಗೆ ಎತ್ತಿಡಬೇಡ.

ವರಾಂಡದ ದೀಪ ಆರಿಸು ಅಂತ ಮದುವೆಯಾದಾಗಿನಿಂದ ನಿನ್ನ ಮೇಲೆ ಹರಿಹಾಯ್ದಿದ್ದೇನೆ. ಇವತ್ತಿನಿಂದ ಉರಿಯಲಿ ಬಿಡು. ನಕ್ಷತ್ರಗಳು ನನ್ನ ಪಾಲಿಗೆ ಮುಗಿದವು.

"ಮಾತಾಡೋವಾಗ ನನ್ನ ಮುಖಾನೂ ನೋಡಲ್ಲ, ಆ ಕಿಟಕಿ ಜೊತೇಲೇ ಸಂಸಾರ ಮಾಡು ಹೋಗು" ಎಂದು ನಿನ್ನೆ ರೇಗಿದೆಯಲ್ಲ. ಕಿಟಕಿಯಲ್ಲಿ ಏನೂ ಇಲ್ಲ ಮಾರಾಯ್ತಿ. ನೇರ ನೋಡಿದರೆ ನಿನ್ನ ಮುಖ ಇರುವಲ್ಲಿ ಬರೀ ಕಪ್ಪು ಕಲೆ. ಮಸುಕಾದ ನಕ್ಷತ್ರ ಕಾಣಬೇಕಾದರೆ ಅದನ್ನು ಬಿಟ್ಟು ಪಕ್ಕಕ್ಕೆ ನೋಡಬೇಕು. ಇಷ್ಟು ವರ್ಷ ಆಕಾಶ ನನಗೆ ಕಲಿಸಿದ್ದು ಇದನ್ನೇ. ಆ ಋಣ ತೀರಿಸಲಾರೆ.

ಕಿಟಕಿಯ ಕಡೆ ತಿರುಗಿದರೇ ನನಗೆ ನೀನು ಕಾಣುವುದು.

ಮರ್ವ್