ಬೀರುವಿನಲ್ಲಿದ್ದ ನೋಟ್‌ಬುಕ್

ಭಾನುವಾರ, ಫೆಬ್ರವರಿ ೮

ಪ್ರೀತಿಯ ಅಕ್ಕನಿಗೆ,

ಚೆನ್ನಾಗಿದ್ದೀರಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಮಂಡಿನೋವು ಹೇಗಿದೆ? ನೀವು ಎರಡು ಸಲ ಕಾಗದ ಬರೆದಿರಿ, ಎರಡರಲ್ಲೂ ಮಕ್ಕಳನ್ನು ವಿಚಾರಿಸಿದ್ದು ಬಿಟ್ಟರೆ ಬೇರೆ ಮಾತಿಲ್ಲ. ನಾನು ಒಂದಕ್ಕೂ ಉತ್ತರಿಸಲಿಲ್ಲ. ಪುರಸೊತ್ತಿರಲಿಲ್ಲ ಎಂದು ಬರೆಯಬಹುದಿತ್ತು, ಆದರೆ ನಾಲ್ಕು ತಿಂಗಳಿಂದ ಮನೆಯಲ್ಲೇ ಇರುವವಳಿಗೆ ಒಂದು ಪತ್ರಕ್ಕೆ ಪುರಸೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ಕ್ಷಮಿಸಿ.

ಮೊದಲು ಮನೆಯ ಸುದ್ದಿ. ನಮ್ಮ ಮನೆಶಾಲೆಗೆ ಇಬ್ಬರೇ ವಿದ್ಯಾರ್ಥಿಗಳು, ಒಬ್ಬಳೇ ಟೀಚರು, ಆ ಟೀಚರಿಗೇ ತಲೆ ನೆಟ್ಟಗಿಲ್ಲ. ಹದಿನೇಳು ವರ್ಷ ನಲವತ್ತು ಮಕ್ಕಳ ಮುಂದೆ ಕೂಗಿದ ಗಂಟಲು ಊಟದ ಮೇಜಿನ ಮುಂದೆ ಹೇಗೆ ತಗ್ಗಬೇಕು ಹೇಳಿ? ಮೊದಲ ದಿನವೇ ಮಗ ಕಿವಿ ಮುಚ್ಚಿಕೊಂಡು, "ಅಮ್ಮಾ, ನಾವಿಬ್ರೇ ಇರೋದು. ಹಿಂದಿನ ಬೆಂಚಲ್ಲಿ ಯಾರೂ ಇಲ್ಲ," ಅಂದ. ನಾನು ಹಾಜರಿ ಪುಸ್ತಕ ಬೇರೆ ಇಟ್ಟಿದ್ದೆ ಅಕ್ಕ! ಒಂಬತ್ತು ಹೊಡೆದ ಕೂಡಲೇ ಇಬ್ಬರ ಹೆಸರನ್ನೂ ಕೂಗುವುದು. ಬಸ್ ಡಿಪೋಗೆ ಹೊರಟಿದ್ದ ಇವರು ಬಾಗಿಲಲ್ಲಿ ನಿಂತು, "ನನ್ನ ಹೆಸರೂ ಸೇರಿಸ್ಕೋ. ರಜೆ ಬೇಕಾದ್ರೆ ನಿನಗೇ ಚೀಟಿ ಕೊಡ್ತೀನಿ," ಎಂದು ನಕ್ಕರು. ಅವತ್ತೇ ಆ ಪುಸ್ತಕವನ್ನು ಅಟ್ಟಕ್ಕೆ ಹಾಕಿದೆ.

ಮಗನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಹನ್ನೊಂದು ವರ್ಷದವನು, ಶಾಲೆಯಲ್ಲಿ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. "ತಂಗಿ ಬರೆಯಲ್ಲ ಅಂತ ನನ್ನನ್ಯಾಕೆ ಬಿಡಿಸ್ದೆ?" ಎಂದು ಕೇಳುತ್ತಾನೆ. ಅವಳೊಬ್ಬಳನ್ನೇ ಬಿಡಿಸಿದರೆ ಹುಡುಗಿಯಲ್ಲೇ ಏನೋ ಐಬಿದೆ ಅಂದಾರು ಜನ, ಅದು ನನ್ನ ಭಯ. ಜನರ ಬಾಯಿಗೆ ಹೆದರಿ ಅವನನ್ನೂ ಎಳೆದು ತಂದೆ. ಸಂಜೆ ಶಾಲೆ ಬಿಟ್ಟ ಮಕ್ಕಳು ಗದ್ದಲ ಮಾಡುತ್ತ ನಮ್ಮ ಬೀದಿಯಲ್ಲಿ ಹೋಗುವಾಗ ಅವನು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾನೆ. ಅದನ್ನು ಕೇಳಿಸಿಕೊಂಡು ನಾನು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿರುತ್ತೇನೆ.

ಇನ್ನು ಮಗಳ ವಿಷಯ. ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬಿಡಿಸಿ ಹೇಳದೆ ನನಗೆ ಮುಂದಕ್ಕೆ ಹೋಗಲಾಗುವುದಿಲ್ಲ. ಅವಳು ನಿಮ್ಮ ಮೂರನೇ ತರಗತಿಯಲ್ಲಿದ್ದಳು, ನಾನು ಪಕ್ಕದ ಕೋಣೆಯಲ್ಲಿ ಐದನೆಯದಕ್ಕೆ ಪಾಠ ಮಾಡುತ್ತಿದ್ದೆ. ಸಣ್ಣ ಬಿಡುವಿಗೆ ಗಂಟೆ ಹೊಡೆಯುವುದೇ ತಡ, ನಿಮ್ಮ ಕೋಣೆಗೆ ನುಗ್ಗಿ, ಮೇಜಿನ ಮೇಲಿನ ರಾಶಿಯಿಂದ ಅವಳ ನೋಟ್‌ಬುಕ್ ಎಳೆದು, ನಿಮಗಿಂತ ಮೊದಲು ನಾನು ತಿದ್ದುತ್ತಿದ್ದೆ. ತಪ್ಪಿದ್ದರೆ ರಬ್ಬರಿನಿಂದ ಅಳಿಸಿ, ನಿಮ್ಮ ಕೆಂಪು ಶಾಯಿ ಬೀಳುವ ಮೊದಲೇ ಮತ್ತೆ ಬರೆಸುತ್ತಿದ್ದೆ. ಟೀಚರ್ ಮಗಳ ಪುಸ್ತಕದಲ್ಲಿ ಕೆಂಪು ಸುತ್ತು ಬಿದ್ದರೆ ಸ್ಟಾಫ್‌ರೂಮಿನಲ್ಲಿ ಹೇಗೆ ತಲೆಯೆತ್ತಲಿ? ನೀವು ಒಂದು ದಿನ ನನ್ನ ಕೈ ಹಿಡಿದು, "ಅವಳು ನನ್ನ ಕ್ಲಾಸಿನ ಹುಡುಗಿ ಕಣೇ. ತಪ್ಪು ಬರೀಲಿ ಬಿಡು, ತಿದ್ದೋಕೆ ನಾನಿಲ್ವಾ?" ಅಂದಿರಿ. ನಾನು ನಕ್ಕು ರಬ್ಬರ್ ಹುಡುಕಿದೆ.

ಆಮೇಲೆ ಅವಳ ಪುಸ್ತಕ ಖಾಲಿಯಾಯಿತು. ಒಂದು ವಾರ, ಎರಡು ವಾರ, ಒಂದೂವರೆ ತಿಂಗಳು, ಒಂದಕ್ಷರವಿಲ್ಲ. ಆ ಖಾಲಿ ಪುಸ್ತಕದ ಜೊತೆ, ತರಗತಿಯಲ್ಲಿ ಬರೆಸುತ್ತಿಲ್ಲ, ಮಗು ಹೆದರಿದೆ ಎಂದು ಎರಡು ಪುಟದ ದೂರು ಬರೆದು ದೊಡ್ಡ ಮೇಡಂ ಮುಂದಿಟ್ಟೆ. ಅವರು ನಿಮ್ಮನ್ನು ಕರೆಸಿ, "ಇದಕ್ಕೇನಂತೀರಿ?" ಎಂದರು. ನೀವು ಪುಸ್ತಕ ನೋಡಿದಿರಿ, ನನ್ನನ್ನು ನೋಡಿದಿರಿ. "ಹೇಳೋದೇನೂ ಇಲ್ಲ ಮೇಡಂ," ಅಂದಿರಿ. ನಿಮ್ಮಿಂದ ತರಗತಿ ಕಿತ್ತುಕೊಂಡು ಪುಸ್ತಕ, ಸೀಮೆಸುಣ್ಣ ಹಂಚುವ ಉಗ್ರಾಣದಲ್ಲಿ ಕೂರಿಸಿದರು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನಿಮ್ಮನ್ನು.

ಹೊಸ ಟೀಚರ್ ಬಂದರೂ ಅವಳು ಬರೆಯಲಿಲ್ಲ. ತಿಂಗಳು ಕಳೆದ ಮೇಲೆ ರಾಜೀನಾಮೆ ಕೊಟ್ಟು ಇಬ್ಬರನ್ನೂ ಬಿಡಿಸಿದೆ. ಬೀಳ್ಕೊಡುಗೆಯಲ್ಲಿ, "ಇಷ್ಟು ವರ್ಷ ಪರರ ಮಕ್ಕಳಿಗೆ ಕಲಿಸಿದೆ, ಇನ್ನು ನನ್ನ ಮಕ್ಕಳಿಗೆ ನಾನೇ ಶಾಲೆ," ಎಂದು ಭಾಷಣ ಬೇರೆ ಬಿಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಗೋಡೆಗೆ ಒರಗಿ ನಿಂತಿದ್ದ ನೀವೂ ತಟ್ಟಿದಿರಿ, ನಾನು ನೋಡಿದೆ.

ಮನೆಯಲ್ಲೂ ಅದೇ ಕಥೆ. ಬಾಯಲ್ಲಿ ಕೇಳಿದರೆ ಅರಳು ಹುರಿದಂತೆ ಉತ್ತರ ಹೇಳುತ್ತಾಳೆ, ಕೈಗೆ ಪೆನ್ಸಿಲ್ ಕೊಟ್ಟರೆ ಬೆರಳು ಮಡಚಿಕೊಳ್ಳುತ್ತಾಳೆ. ಮುದ್ದು ಮಾಡಿದೆ, ಆಸೆ ತೋರಿಸಿದೆ, ಗದರಿದೆ. ಹೋದ ತಿಂಗಳು ಒಂದು ದಿನ ಸ್ಕೇಲಿನಿಂದ ಕೈ ಮೇಲೆ ಹೊಡೆದೆ ಅಕ್ಕ. ಹದಿನೇಳು ವರ್ಷದಲ್ಲಿ ಊರವರ ಮಕ್ಕಳಿಗೆ ಒಂದು ಏಟು ಹಾಕಿದವಳಲ್ಲ. ಅವಳು ಅಳಲೂ ಇಲ್ಲ, ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.

ಮೊನ್ನೆ ಮಂಗಳವಾರ ಅವಳ ಹಾಸಿಗೆಯ ಹೊದಿಕೆ ಬದಲಿಸುವಾಗ ಕೆಳಗೆ ಒಂದು ನೋಟ್‌ಬುಕ್ ಸಿಕ್ಕಿತು. ತುಂಬ ಅವಳದೇ ಅಕ್ಷರ. ಒಂದು ಕುಂಟ ಬೆಕ್ಕಿನ ಕಥೆ, ಸಾಲಿಗೆ ಮೂರು ತಪ್ಪು. ಒಂದಕ್ಕೂ ಸುತ್ತು ಹಾಕಿಲ್ಲ. ಪ್ರತಿ ಪುಟದ ಕೊನೆಗೆ ನಿಮ್ಮ ಕೈಬರಹದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ: "ಆಮೇಲೆ ಬೆಕ್ಕು ಎಲ್ಲಿ ಮಲಗಿತು?" ಮುಂದಿನ ಪುಟದಲ್ಲಿ ಅವಳ ಉತ್ತರ. ನನ್ನ ಕೈಯಲ್ಲಿ ಪುಸ್ತಕ ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಹರೀಬೇಡಮ್ಮಾ," ಅಂದಳು.

"ಯಾಕೆ ಹರೀಲಿ? ಇದನ್ನ ಯಾವಾಗ ಬರೆದೆ ಪುಟ್ಟಿ?"

"ಕ್ಲಾಸಲ್ಲೇ. ಖಾಲಿ ಪುಸ್ತಕ ಟೇಬಲ್ ಮೇಲೆ ಇಡ್ತಿದ್ದೆ, ನೀನು ನೋಡೋಕೆ. ಇದು ಟೀಚರ್ ಬೀರೂಲಿ ಇರ್ತಿತ್ತು. ಅವರು ಉಗ್ರಾಣಕ್ಕೆ ಹೋಗೋ ದಿನ ನನ್ನ ಚೀಲಕ್ಕೆ ಹಾಕಿದ್ರು."

ಅಂದರೆ ಮೇಡಂ ಮುಂದೆ ನೀವು ತಲೆ ತಗ್ಗಿಸಿ ನಿಂತಾಗ ಈ ಪುಸ್ತಕ ನಿಮ್ಮ ಬೀರುವಿನಲ್ಲೇ ಇತ್ತು. ಬೀಗದ ಕೈ ತಿರುಗಿಸಿದ್ದರೆ ನನ್ನ ದೂರು ಅಲ್ಲೇ ಮಣ್ಣುಪಾಲಾಗುತ್ತಿತ್ತು. ಎಂಟು ವರ್ಷದ ಹುಡುಗಿಗೆ ಕೊಟ್ಟ ಮಾತಿಗಾಗಿ ನೀವು ನಿಮ್ಮ ತರಗತಿಯನ್ನೇ ಬಿಟ್ಟುಕೊಟ್ಟಿರಿ.

ಬರುವ ವರ್ಷದ ತರಗತಿಗಳನ್ನು ಮುಂದಿನ ತಿಂಗಳು ಹಂಚುತ್ತಾರಲ್ಲ, ಅದಕ್ಕೇ ದೊಡ್ಡ ಮೇಡಂಗೂ ಒಂದು ಪತ್ರ ಬರೆದಿಟ್ಟಿದ್ದೇನೆ. ವಿಷಯ ತಿಳಿಯದೆ ದೂರು ಕೊಟ್ಟೆ, ತಪ್ಪು ನನ್ನದು, ಅವರಿಗೆ ಮೂರನೇ ತರಗತಿಯನ್ನು ಮರಳಿ ಕೊಡಿ ಎಂದು. ಮಗನನ್ನು ಮತ್ತೆ ಶಾಲೆಗೆ ಸೇರಿಸುತ್ತೇನೆ, ಹೇಳಿದ್ದಕ್ಕೆ ಮನೆ ಹಾರಿಹೋಗುವ ಹಾಗೆ ಕುಣಿದ. ಮಗಳನ್ನು ಒತ್ತಾಯಿಸುವ ಹಕ್ಕು ನನಗೆ ಉಳಿದಿಲ್ಲ.

ದೊಡ್ಡವರು ನೀವು, ಮಕ್ಕಳಿಬ್ಬರಿಗೂ ಒಳ್ಳೆಯದಾಗಲಿ ಎಂದು ಹರಸಿ. ನನಗೆ ಎರಡು ಬೈಗುಳವಾದರೂ ಬರೆದು ಕಳಿಸಿ, ಸಮಾಧಾನವಾಗುತ್ತದೆ.

ಇಂತಿ,
ನಿಮ್ಮ ಪಕ್ಕದ ಕೋಣೆಯವಳು

ತಾ.ಕ.: ನಿನ್ನೆಯೇ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ.

ಮೇಲೆ "ತಿಳಿಯದೆ" ಎಂದು ಬರೆದದ್ದು ಸುಳ್ಳು. ಆ ಪುಸ್ತಕವನ್ನು ನಾನು ಮಂಗಳವಾರ ಮೊದಲ ಸಲ ನೋಡಿದ್ದಲ್ಲ. ದೂರು ಕೊಡುವ ಮೂರು ದಿನ ಮುಂಚೆ ಸೀಮೆಸುಣ್ಣ ಬೇಕಾಗಿ ನಿಮ್ಮ ಕೋಣೆಗೆ ಬಂದಿದ್ದೆ. ನೀವು ಮಕ್ಕಳನ್ನು ಆಟಕ್ಕೆ ಕರೆದೊಯ್ದಿದ್ದಿರಿ, ಬೀಗದ ಕೈ ಬೀರುವಿನಲ್ಲೇ ಇತ್ತು. ನಿಂತಲ್ಲೇ ಹನ್ನೆರಡು ಪುಟ ಓದಿದೆ. ಎಷ್ಟು ಚೆಂದ ಬರೆದಿದ್ದಳು ಅಕ್ಕ! ಓದುತ್ತ ಓದುತ್ತ ನನ್ನ ಹೊಟ್ಟೆ ಉರಿಯಿತು. ಹೆತ್ತವಳಿಗೆ ಒಂದಕ್ಷರ ಬರೆಯದವಳು ನಿಮಗೆ ಪುಟಗಟ್ಟಲೆ ಬರೆದಿದ್ದಳು. ಮೊದಲ ಪುಟದಲ್ಲಿ ನೀವು, "ನಿನ್ನನ್ನು ಕೇಳದೆ ಇದನ್ನು ಯಾರಿಗೂ ತೋರಿಸುವುದಿಲ್ಲ" ಎಂದು ಬರೆದು ಸಹಿ ಹಾಕಿದ್ದಿರಿ. ನೀವು ಮಾತಿಗೆ ತಪ್ಪುವವರಲ್ಲ ಎಂದು ಗೊತ್ತಿದ್ದೇ ಖಾಲಿ ಪುಸ್ತಕ ಹಿಡಿದು ಮೇಡಂ ಹತ್ತಿರ ಹೋದೆ.

ಅವರಿಗೆ ಬರೆದ ಪತ್ರ ಹರಿದು ಹಾಕಿದ್ದೇನೆ. ಗುರುವಾರ ನಾನೇ ಬಂದು ಇದನ್ನು ನಿಮ್ಮ ಎದುರು, ಅವರ ಎದುರು ಬಾಯಿಬಿಟ್ಟು ಹೇಳುತ್ತೇನೆ. ಮಗಳಿಗೆ ಇವತ್ತು ಬೆಳಿಗ್ಗೆಯೇ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡಿ, "ಹನ್ನೆರಡೂ ಪುಟ ಓದಿದ್ಯಾ? ಚೆನ್ನಾಗಿತ್ತಾ?" ಎಂದು ಕೇಳಿದಳು.